ಫರಸಿಯ ಅಡಿಯ ಹನ್ನೊಂದು ಸಾಲು

ಶಹಾಬಾದದಲ್ಲಿ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ಊರವರ ಅರ್ಜಿ, ಬಾಡಿಗೆ ಕರಾರು, ಮದುವೆ ಕಾರ್ಡು ಟೈಪ್ ಮಾಡಿ ಮಾಡಿ ನನ್ನ ಕನ್ನಡಕ ದಪ್ಪವಾಗಿದೆ, ಮಾತು ಖಾರವಾಗಿದೆ. ಆದರೂ ಜಗದೇವಿಯ ಮುಂದೆ ನಾನು ಬರೀ ಸಪ್ಪೆ. ಆಕೆ ಮೊದಲ ಸಲ ಅಂಗಡಿಗೆ ಬಂದಾಗ ನಮಸ್ಕಾರವೂ ಇಲ್ಲ, ಗಿಮಸ್ಕಾರವೂ ಇಲ್ಲ.

"ಇಲ್ಲಿ ಟೈಪ್ ಮಾಡೋರು ಯಾರರ ಅದಾರೋ, ಇಲ್ಲಾ ಬರೇ ಫ್ಯಾನಿನ ಗಾಳಿ ತಗೊಳ್ಳೋರೋ?" ಎಂದಳು.

ನಾನು ಫ್ಯಾನಿನ ಕೆಳಗೇ ಕೂತಿದ್ದೆ. ಸಿಟ್ಟು ಬಂತು, ಅದಕ್ಕಿಂತ ಮೊದಲು ನಗು ಬಂತು.

ಜಗದೇವಿ ನಾಲವಾರದವಳು. ಎಂಟನೆಯ ಇಯತ್ತೆ ಮುಗಿಸಿ ಮದುವೆಯಾಗಿ ನಮ್ಮೂರಿಗೆ ಬಂದಳು. ಹದಿನಾಲ್ಕು ವರ್ಷದಿಂದ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಕಾರ್ಖಾನೆಯಲ್ಲಿ ಕೆಲಸ. ಗಣಿಯಿಂದ ಬಂದ ಕಲ್ಲನ್ನು ಮಷೀನಿಗೆ ಇಡಬೇಕು, ನುಣುಪಾದ ಮೇಲೆ ಎತ್ತಿ ಗೋಡೆಗೆ ಒರಗಿಸಬೇಕು, ಒರಟಾಗಿಯೇ ಉಳಿದ ಹಿಂಬದಿಗೆ ಕೆಂಪು ಮೇಣದ ಕಡ್ಡಿಯಿಂದ ಅಳತೆ ಬರೆಯಬೇಕು. ಮೂರಡಿ ಕಲ್ಲು ಒಬ್ಬರಿಂದ ಏಳುವುದಿಲ್ಲ. ಈ ಕಡೆ ಒಬ್ಬಳು, ಆ ಕಡೆ ಒಬ್ಬಳು. ಜಗದೇವಿಯ ಜೋಡಿ ಸೈದಾನಬಿ. ವಾಡಿಯ ತವರಿನವಳು, ಜಗದೇವಿಗಿಂತ ಆರು ವರ್ಷ ದೊಡ್ಡವಳು, ಗಂಡನಿಲ್ಲದೆ ಮಗಳನ್ನು ಓದಿಸುತ್ತಿದ್ದವಳು, ಮಾತು ಬಹಳ ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಜಗದೇವಿಯೇ ಆಡುತ್ತಿದ್ದಳು.

ಆ ಕೆಂಪು ಕಡ್ಡಿಯೇ ಆಕೆಗೆ ಬರೆಯುವ ಚಟ ಹತ್ತಿಸಿತು. ಚಹಾದ ಬಿಡುವಿನಲ್ಲಿ ಮನಸ್ಸಿಗೆ ಬಂದದ್ದನ್ನು ಕಲ್ಲಿನ ಹಿಂಬದಿಗೆ ಗೀಚುವುದು, ಕಾಗದವಾದರೆ ಪಾಲಿಶಿನ ನೀರಿಗೆ ತೊಯ್ದು ಮುದ್ದೆಯಾಗುತ್ತಿತ್ತು. ಸಂಜೆ ಅದನ್ನು ನೋಟ್‌ಬುಕ್ಕಿಗೆ ಇಳಿಸಿ ಕಲ್ಲನ್ನು ಉಜ್ಜಿ ಅಳಿಸುವುದು. ಒಮ್ಮೊಮ್ಮೆ ಅಳಿಸುವ ಮೊದಲೇ ಕಲ್ಲು ಲಾರಿ ಹತ್ತಿ ಹೋಗುತ್ತಿತ್ತು. "ಚಿಂಚೋಳ್ಯಾಗ ಯಾರದೋ ದೇವರಮನಿ ತಳಗ ನನ್ನ ಕಥಿ ಅದ ದತ್ತಣ್ಣ, ದೇವರರ ಓದ್ಲಿ" ಎಂದು ನನ್ನೆದುರು ನಗುತ್ತಿದ್ದಳು.

ದುಡಿಮೆಯಲ್ಲಿ ಮಾತ್ರ ಆಕೆಯನ್ನು ಮೀರಿಸುವವರಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು ಒಂದು ತಾಸು ಬರೆಯುತ್ತಿದ್ದಳು. ರವಿವಾರ ಲೈಬ್ರರಿಗೆ ಹೋಗಿ, ಇಷ್ಟವಾದ ಪುಸ್ತಕದ ಒಂದು ಪುಟವನ್ನು ಹಾಗೆಯೇ ಕೈಯಿಂದ ನಕಲು ಮಾಡಿ ತರುತ್ತಿದ್ದಳು. ವಾಕ್ಯ ಹೇಗೆ ನಿಲ್ಲುತ್ತದೆಂದು ಕೈಗೆ ತಿಳಿಯಬೇಕಂತೆ. ನಾಲ್ಕು ವರ್ಷದಲ್ಲಿ ನಾನು ಟೈಪ್ ಮಾಡಿಕೊಟ್ಟ ಹತ್ತೊಂಬತ್ತು ಬರಹ ಕಲಬುರಗಿಯ ಪತ್ರಿಕೆಗಳಿಗೆ ಹೋದವು. ಒಂದೂ ಅಚ್ಚಾಗಲಿಲ್ಲ. ಎಲ್ಲವೂ ನಮ್ಮ ಸುತ್ತಲಿನ ಮನುಷ್ಯರದೇ ಚಿತ್ರ: ಕೆಲಸ ಹಂಚುವ ಮುಕಾದಮನ ಹೊಟ್ಟೆ, ಅತ್ತಿಗೆಯ ಗೊರಕೆ, ಸೇಡಂನಿಂದ ಬರುವ ಗಿರಾಕಿಯ ಚೌಕಾಸಿ. ಓದಿದರೆ ನಗು, ಅದರಲ್ಲಿ ಸಿಕ್ಕವನಿಗೆ ಮಾತ್ರ ಉರಿ. ತಪ್ಪಿನಲ್ಲಿ ನನ್ನ ಪಾಲೂ ಇದೆ, ಸುಳ್ಳು ಯಾಕೆ ಹೇಳಲಿ. ಅಂಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. "ಇನ್ನೂ ಜರ ಖಾರ ಹಾಕವ್ವ" ಎಂದೂ ಹೇಳುತ್ತಿದ್ದೆ.

ಹೀಗಿರುವಾಗ ಸೈದಾನಬಿ ಮನೆ ಕಟ್ಟಲು ಹಿಡಿದಳು. ಎರಡು ಕೋಣೆ, ಒಂದು ಅಡುಗೆಮನೆ. ಮೂಲೆ ಮುರಿದ ಕಲ್ಲುಗಳನ್ನು ನೆಲಕ್ಕೆ ಹಾಸಲು ಒಯ್ಯಿ ಎಂದು ಮಾಲೀಕರು ಹೇಳಿದ್ದರು. ಇದು ತಿಳಿಯದೆ ಅದೇ ವಾರ ಜಗದೇವಿ ತನ್ನ ಇಪ್ಪತ್ತನೆಯ ಬರಹಕ್ಕೆ ಮೂಲೆ ಮುರಿದ ಕಲ್ಲೊಂದನ್ನು ಆರಿಸಿಕೊಂಡಳು. ಮುರಿದದ್ದನ್ನು ಯಾವ ಗಿರಾಕಿಯೂ ಕೇಳುವುದಿಲ್ಲ, ನಾಲ್ಕು ದಿನ ಇದ್ದಲ್ಲೇ ಇರುತ್ತದೆ ಎಂಬ ಲೆಕ್ಕ. ಬರೆದದ್ದು ತಾನು ಆಪಾ, ಅಂದರೆ ಅಕ್ಕ, ಎಂದು ಕರೆಯುವ ಸೈದಾನಬಿಯ ಮೇಲೆಯೇ, ಹನ್ನೊಂದು ಸಾಲು.

"ನಮ್ಮ ಆಪಾ ಹಿಂದ ಹಿಂದ ನಡಿಯಾಕಿ. ಕಲ್ಲು ಹಿಡಿದರೂ ಹಿಂದಕ್ಕ, ಬಾಳೇವು ಹಿಡಿದರೂ ಹಿಂದಕ್ಕ. ಈಗ ಮನಿ ಕಟ್ಟಸ್ಲಿಕತ್ಯಾಳ, ಬಾಗಿಲಾ ಹಿತ್ತಲಕಡಿಗೇ ಇಡಸ್ತಾಳ..." ಹೀಗೆ ಸಾಗಿ, ಕೊನೆಗೆ ಗಂಡ ಸತ್ತದ್ದೂ ಆಕೆಯ ನಿಧಾನದ ನಡಿಗೆಗೆ ಬೇಸತ್ತು ಎಂಬಲ್ಲಿಗೆ ಮುಗಿದಿತ್ತು. ಸಂಜೆ ಅಳಿಸೋಣವೆಂದು ಜಗದೇವಿ ಮಷೀನಿಗೆ ಹೋದಳು. ಮಧ್ಯಾಹ್ನವೇ ಟ್ರ್ಯಾಕ್ಟರ್ ಬಂದು ಮುರಿದ ಕಲ್ಲನ್ನೆಲ್ಲ ಸೈದಾನಬಿಯ ಮನೆಗೆ ಒಯ್ದಿತು.

ಮುಂದಿನದನ್ನು ನನಗೆ ಹೇಳಿದವಳು ಸೈದಾನಬಿಯ ಮಗಳು ಹುಸ್ನಾ. ಪಿಯುಸಿ ಓದುವ ಹುಡುಗಿ, ಪ್ರಿಂಟ್ ತೆಗೆಸಲು ಅಂಗಡಿಗೆ ಬರುತ್ತಾಳೆ. ನೆಲ ಹಾಸುತ್ತಿದ್ದ ಮಜೀದಸಾಬರು ಕಲ್ಲನ್ನು ಮಗುಚಿದಾಗ ಕೆಂಪು ಅಕ್ಷರ ಕಂಡವಂತೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. "ಹೊಸಾ ಮನಿಗಿ ಯಾರೋ ಛಲೋ ಆಗ್ಲಂತ ದುವಾ ಬರದು ಕಳಸ್ಯಾರ ನೋಡಮ್ಮ, ಓದು" ಎಂದು ಕರೆದರು. ಹುಸ್ನಾ ಖುಷಿಯಿಂದ ಗಟ್ಟಿಯಾಗಿ ಓದಲು ಹಿಡಿದಳು. ಎರಡು ಸಾಲಿಗೆ ಆಕೆಯ ದನಿ ನಿಂತಿತು.

"ಓದವ್ವ, ಪೂರಾ ಓದು" ಎಂದಳು ಸೈದಾನಬಿ.

ಪೂರಾ ಓದಿಸಿಕೊಂಡಳು. ಆಮೇಲೆ, "ಈ ಕಲ್ಲು ಸದ್ಯ ಬಾಜೂಕ ಇಡ್ರಿ ಮಜೀದಭಾಯಿ" ಎಂದಷ್ಟೇ ಹೇಳಿದಳಂತೆ. ಹುಸ್ನಾ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ನನಗೆ ನಾಚಿಕೆಯಿಂದ ಪ್ರಿಂಟರಿನ ಗುಂಡಿಯೇ ಕಾಣಲಿಲ್ಲ.

ಮರುದಿನ ಸೈದಾನಬಿ ಜಗಳವಾಡಲಿಲ್ಲ. ಮುಕಾದಮನಿಗೆ ಹೇಳಿ ಜೋಡಿ ಬದಲಿಸಿಕೊಂಡಳು. ಜಗದೇವಿ ಹಿಂದೆ ಹಿಂದೆ ಹೋಗಿ "ಆಪಾ, ನಗಚಾಟಿಕಿಗಿ ಬರದಿದ್ದೆ" ಎಂದರೆ ಆಕೆ ಗೋಡೆಯ ಕಡೆ ತಿರುಗಿದಳು.

ಜಗದೇವಿಗೆ ಹೊಸ ಜೋಡಿಯಾಗಿ ಬಂದವಳು ಹಣಮವ್ವ. ಕಲ್ಲಿನ ಎರಡು ತುದಿ ಹಿಡಿದು ನಡೆಯುವಾಗ ಒಬ್ಬರು ಮುಂದೆ ನೋಡುತ್ತ ಬಂದರೆ ಇನ್ನೊಬ್ಬರು ಹಿಂದಕ್ಕೇ ಹೆಜ್ಜೆ ಇಡಬೇಕು, ಬೇರೆ ದಾರಿಯಿಲ್ಲ. ಹಣಮವ್ವ ಮೊದಲ ದಿನವೇ ಸಾಫ್ ಹೇಳಿಬಿಟ್ಟಳು: "ನಾ ಹಿಂದ ನಡಿಯಂಗಿಲ್ಲವ್ವ, ನನಗೇನು ಜೀವ ಬ್ಯಾಡಾಗಿಲ್ಲ."

ಹಾಗಾಗಿ ಜಗದೇವಿ ಹಿಂದೆ ನಡೆದಳು. ನೆಲದ ತುಂಬ ಪಾಲಿಶಿನ ಕೆಸರು. ಬೆನ್ನ ಹಿಂದೆ ಗಟಾರ ಇದೆಯೋ ಕಲ್ಲಿನ ರಾಶಿ ಇದೆಯೋ ಕಾಣುವುದಿಲ್ಲ, ಎದುರಿನವಳ ಕಣ್ಣೇ ಗತಿ. ಮೊದಲ ದಿನ ಹಿಮ್ಮಡಿ ಕೆತ್ತಿತು. ಎರಡನೆಯ ದಿನ ಮೊಣಕೈ. ಮೂರನೆಯ ದಿನ ಕಾಲು ಜಾರಿತು.

"ಕಾಲು ತಕ್ಕೋ!" ಎಂದು ಯಾರೋ ಚೀರಿದರು. ಜಗದೇವಿ ಕಾಲೆಳೆದುಕೊಂಡಳು, ಕಲ್ಲು ಆ ಜಾಗದಲ್ಲೇ ಬಿದ್ದು ಎರಡು ಹೋಳಾಯಿತು. ಆಕೆ ಕೆಸರಿನಲ್ಲಿ ಕೂತದ್ದನ್ನು ನೋಡಿ ಎಲ್ಲರೂ ನಕ್ಕರು. ಚೀರಿದ ಸೈದಾನಬಿ ಮಾತ್ರ ನಗಲಿಲ್ಲ, ತನ್ನ ಕೆಲಸಕ್ಕೆ ಹೋದಳು.

ಆ ಸಂಜೆ ಜಗದೇವಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಆಕೆ ಕೂತದ್ದನ್ನು ನಾನು ನೋಡಿದ್ದೇ ಅವತ್ತು.

"ಹದಿನಾಲ್ಕು ವರ್ಷ ಆಕಿ ಹಿಂದ ನಡದಾಳ ದತ್ತಣ್ಣ. ಒಂದ್ ದಿನಾನೂ ನೀ ನಡಿ ಅಂದಿಲ್ಲ. ನಾ ಮುಂದ ನೋಡ್ಕೋತ, ಆಕೀಗೇ ನಕ್ಕೋತ ಬಂದೀನಿ. ಆಕಿ ನನಗ ಬೇಕ್ರಿ. ಪೇಪರಿನ್ಯಾಗ ಬರಲಿಲ್ಲಂದ್ರ ಹಾಳಾಗಿ ಹೋಗ್ಲಿ." ಹೇಳುತ್ತ ಹೇಳುತ್ತ ಅತ್ತುಬಿಟ್ಟಳು.

ಸೈದಾನಬಿಯ ಮೇಲೆ ಹೊಸದಾಗಿ ಬರೆಯಲು ಕೂತಳು. ಮೊದಲ ಪ್ರತಿಯಲ್ಲಿ ಸಕ್ಕರೆ ಸುರಿದಿದ್ದಳು: ದೇವತೆ, ತ್ಯಾಗಮೂರ್ತಿ, ಅದು ಇದು. ನಾನು ಟೈಪ್ ಮಾಡಲಿಲ್ಲ. "ಇದು ಸನ್ಮಾನದ ಭಾಷಣ ಆಗ್ಯಾದವ್ವ. ಸೈದಾನಬಿ ಎಲ್ಲಿ ಅದಾಳ ಇದ್ರಾಗ?" ಎಂದೆ. ಎರಡನೆಯದರಲ್ಲಿ ಹಳೆಯ ಚುಚ್ಚುಮಾತು ಮತ್ತೆ ತಲೆಹಾಕಿತ್ತು. ಹೀಗೆ ಒಂಬತ್ತು ಸಲ ಬರೆದಳು, ಹರಿದಳು. ಒಂದು ಮಾತನ್ನು ಕಾಗದಕ್ಕೆ ಇಡುವ ಮೊದಲು, ಇದನ್ನು ಆಪಾಳ ಎದುರಿಗೆ ನಿಂತು ಹೇಳಬಲ್ಲೆನೇ ಎಂದು ಕೇಳಿಕೊಳ್ಳತೊಡಗಿದಳು. ಬರವಣಿಗೆಯ ಈ ಅಭ್ಯಾಸ ಬಾಯಿಗೂ ಇಳಿಯಿತು. ಒಂದು ದಿನ ಬಂದವಳೇ, "ದತ್ತಣ್ಣ, ಆರಾಮ ಅದೀರೇನ್ರಿ? ಊಟ ಆಯ್ತಾ?" ಎಂದಳು. ಯಾರೋ ತೀರಿಕೊಂಡಿರಬೇಕೆಂದು ನನಗೆ ಗಾಬರಿಯಾಯಿತು.

ಹತ್ತನೆಯ ಪ್ರತಿ ಹಿಡಿದು ಒಂದು ರವಿವಾರ ಸೈದಾನಬಿಯ ಮನೆಗೆ ಹೋದೆವು. ಧೈರ್ಯಕ್ಕೆ ನಾನೂ ಬೇಕಿತ್ತಂತೆ. ನನಗೆ ಧೈರ್ಯ ಯಾರು ಕೊಡಬೇಕು? ಬಾಗಿಲು ರಸ್ತೆಯ ಕಡೆಗೇ ಇತ್ತು. ಅಡುಗೆಮನೆಯ ನೆಲದಲ್ಲಿ ಒಲೆಯ ಮುಂದೆ ಒಂದು ಕಲ್ಲಿನಷ್ಟು ಜಾಗ ಖಾಲಿ. ಆ ಕಲ್ಲು ಅಂಗಳದಲ್ಲಿ ಒರಗಿತ್ತು, ಕೆಂಪು ಅಕ್ಷರ ಹಾಗೆಯೇ ಇದ್ದವು.

"ಕುಂದ್ರಿ" ಎಂದಳು ಸೈದಾನಬಿ, ನನಗೆ.

ಜಗದೇವಿ ನಿಂತೇ ಓದಿದಳು. ಕೆಸರು, ಗಟಾರ, ಹಿಂದಕ್ಕೆ ಇಡುವ ಹೆಜ್ಜೆ, ಕಾಲು ತಕ್ಕೋ ಎಂಬ ಕೂಗು, ಎಲ್ಲ ಇತ್ತು. ತನ್ನ ಹನ್ನೊಂದು ಸಾಲನ್ನೂ ಅದರಲ್ಲಿ ಒಪ್ಪಿಕೊಂಡಿದ್ದಳು. "ನನಗೆ ಮುಂದಿನ ದಾರಿ ಕಾಣಲೆಂದು ಆಪಾ ಹಿಂದೆ ನಡೆದಳು" ಎಂದು ಮುಗಿಸಿದಳು. ಹುಸ್ನಾ ಕಣ್ಣೊರೆಸಿಕೊಂಡಳು.

ಸೈದಾನಬಿ, "ಎಲ್ಲಾ ಬರೊಬ್ಬರಿ ಅದ. ಆಖ್ರೀ ಮಾತು ಸುಳ್ಳು" ಎಂದಳು. "ನೀ ಹಿಂದ ನಡದಿದ್ರ ಮಾತಾಡ್ಕೋತ ಹೋಗಿ ಮಷೀನಿನ್ಯಾಗೇ ಬೀಳ್ತಿದ್ದಿ. ಅದಕ್ಕ ನಾ ನಡದೆ."

ಮೊದಲು ನಕ್ಕವಳು ಜಗದೇವಿ. ನಕ್ಕು, ಪೆನ್ನು ತೆಗೆದು, ಕೊನೆಯ ವಾಕ್ಯ ಹೊಡೆದುಹಾಕಿ ಆಪಾಳ ಮಾತನ್ನೇ ಬರೆದುಕೊಂಡಳು. ಇಪ್ಪತ್ತನೆಯ ಬರಹ ಅಚ್ಚಾದದ್ದು ಆ ಮಾತಿನೊಂದಿಗೆ. ಹೋದ ವರ್ಷ ಬಂದ ಆಕೆಯ ಪುಸ್ತಕದಲ್ಲಿ ಮೊದಲನೆಯದೂ ಅದೇ.

ಅವತ್ತು ಆ ಕಲ್ಲನ್ನು ಒಳಗೆ ತಂದವರು ಅವರಿಬ್ಬರೇ. ನಾನು ಕೈ ಹಚ್ಚಲು ಹೋದರೆ ಇಬ್ಬರೂ ಗದರಿದರು. ಜಗದೇವಿ ಕೇಳದೆಯೇ ಹಿಂದೆ ನಡೆಯುವ ತುದಿ ಹಿಡಿದಳು. "ಮೆತ್ತಗ... ಹೊಸ್ತಿಲಾ ಬಂತು, ಕಾಲೆತ್ತು... ಹಾಂ, ಜರ ಬಾಜೂಕ" ಎಂದು ಸೈದಾನಬಿ ಹೇಳುತ್ತ ಹೋದಳು. ಜಗದೇವಿ ಒಂದೂ ಮಾತಾಡದೆ ಹೆಜ್ಜೆ ಇಟ್ಟಳು. ಕಲ್ಲಿಡುವ ಮುನ್ನ ಅಕ್ಷರ ಉಜ್ಜಲು ಒದ್ದೆ ಬಟ್ಟೆ ತೆಗೆದುಕೊಂಡಾಗ ಸೈದಾನಬಿ ಆಕೆಯ ಕೈ ಹಿಡಿದಳು.

"ಇರ್ಲಿ ಬಿಡು, ತಳಗ ಇರ್ಲಿ. ದಿನಾ ಅದರ ಮ್ಯಾಲೆ ಕುಂತು ರೊಟ್ಟಿ ಬಡೀತೀನಿ. ನೀನೂ ಬಾ, ಅಲ್ಲೇ ಕುಂತು ಉಣ್ಣು."