ಇನ್ನೂ ಹತ್ತೊಂಬತ್ತು ಕಿಲೋಮೀಟರ್

2022ರಲ್ಲಿ ನಾನು ಪುಣೆಯಲ್ಲಿ ಮೋಟಾರು ವಿಮಾ ಸರ್ವೇಯರ್ ಆಗಿ ಇಪ್ಪತ್ತೆರಡು ವರ್ಷ ಮುಗಿಸಿದ್ದೆ. ಸರ್ವೇಯರ್ ಎಂದರೆ ವಿಮಾ ಕಂಪನಿಯ ನೌಕರನಲ್ಲ. ಕಂಪನಿ ಕರೆದಾಗ ಹೋಗಿ, ಅಪಘಾತವಾದ ವಾಹನ ನೋಡಿ, ಹೇಗೆ ಕೆಟ್ಟಿತು, ಎಷ್ಟು ಕೆಟ್ಟಿತು ಎಂದು ವರದಿ ಬರೆದುಕೊಡುವ ಪರವಾನಗಿದಾರ. ನಮ್ಮ ಕಸುಬಿನಲ್ಲಿ ಕಣ್ಣಿಗಿಂತ ಪೆನ್ನು ಮುಖ್ಯ. ಕಂಡದ್ದನ್ನು ಬರೆಯದವನು ಕಾಣದವನಿಗೆ ಸಮ. ಈ ಮಾತನ್ನು ಹೊಸಬರಿಗೆ ಹೇಳುತ್ತಲೇ ಬಂದವನು ನಾನು. ನಾನೇ ಅದನ್ನು ಮುರಿದ ಕಥೆ ಇದು.

ಆ ವರ್ಷದ ಆರಂಭದಲ್ಲಿ ವಾಕಡದ ಒಂದು ಗ್ಯಾರೇಜಿಗೆ ಸಣ್ಣ ಕೆಲಸಕ್ಕೆ ಹೋಗಿದ್ದೆ. ಪುಟ್ಟ ಪೆಟ್ರೋಲ್ ಕಾರು, ಮುಂದಿನ ಬಂಪರ್ ಒಡೆದಿತ್ತು. ಮಾಲೀಕ ಮಲ್ಲಿಕಾರ್ಜುನ, ಮೂವತ್ತೇಳು ವರ್ಷ, ಒಂದು ಗೋದಾಮಿನಲ್ಲಿ ಲೆಕ್ಕಪತ್ರದ ಕೆಲಸ. ಮರಾಠಿಯಲ್ಲಿ ಮಾತು ಶುರುವಾಯಿತು. ಫಾರಂ ಮೇಲೆ ಇಂಡಿ ಎಂಬ ನನ್ನ ಅಡ್ಡಹೆಸರು ನೋಡಿದ್ದೇ ತಡ, ಆತ ಕನ್ನಡಕ್ಕೆ ತಿರುಗಿದ.

"ನಿಮ್ಮ ಊರ್ ಯಾವ್ದರಿ? ಇಂಡಿನಾ? ನಮ್ದು ಕಲಬುರಗಿರಿ! ಚಾ ಕುಡೀದ ಹೋಗೂಹಂಗಿಲ್ಲ ನೋಡ್ರಿ ಕಾಕಾ."

ಕಾಕಾ ಎಂದುಬಿಟ್ಟ. ಪರವೂರಿನಲ್ಲಿ ಆ ಒಂದು ಶಬ್ದಕ್ಕೆ ನನ್ನಂಥವನು ಬೆಣ್ಣೆಯಾಗಿಬಿಡುತ್ತಾನೆ.

ಬಾನೆಟ್ ಎತ್ತಿ ಫೋಟೋ ತೆಗೆಯುವಾಗ ಇಂಜಿನ್ ಪಕ್ಕದಲ್ಲಿ ಬೆಲ್ಲದ ಅಚ್ಚಿನಷ್ಟು ದೊಡ್ಡದೊಂದು ಕಪ್ಪು ಡಬ್ಬಿ ಕಂಡಿತು. ಕಂಪನಿ ಕೊಟ್ಟದ್ದಲ್ಲ, ಹೊರಗಿನಿಂದ ಕೂರಿಸಿದ್ದು. ಪವರ್ ಹೆಚ್ಚಿಸಲು ಹುಡುಗರು ಹಾಕಿಸುವ ಟ್ಯೂನಿಂಗ್ ಬಾಕ್ಸ್. ಇಂಥ ಬದಲಾವಣೆಯನ್ನು ವಿಮಾ ಕಂಪನಿಗೆ ಮೊದಲೇ ತಿಳಿಸಬೇಕು. ಆತ ತಿಳಿಸಿರಲಿಲ್ಲ.

"ಮೈಲೇಜ್ ಬಿದ್ದಿರಬೇಕಲ್ಲ?" ಎಂದು ಕೇಳಿದೆ.

ಆತ ನಗುತ್ತ ಇಂಜಿನ್ ಚಾಲೂ ಮಾಡಿ ಪರದೆ ತೋರಿಸಿದ. ಸರಾಸರಿ ಲೀಟರಿಗೆ 17.2 ಕಿಲೋಮೀಟರ್. "ಬಿದ್ದೇ ಇಲ್ಲ ನೋಡ್ರಿ. ಘಾಟಿನ್ಯಾಗ ಎಳೀತದ ಅಂದ್ರ ಕುದುರಿ ಎಳ್ದಂಗ. ಅದೇನು ಬರೀಬ್ಯಾಡ್ರಿ ಕಾಕಾ. ಬಂಪರಿಗೂ ಅದಕೂ ಏನ್ ಸಂಬಂಧ?"

ನನಗೆ ಅನುಮಾನ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಪೆಟ್ರೋಲ್ ಸುಡಲೇಬೇಕು. ಪುಕ್ಕಟೆ ಶಕ್ತಿ ಕೊಡುವ ಯಂತ್ರವನ್ನು ಇನ್ನೂ ಯಾರೂ ಮಾಡಿಲ್ಲ. ಆದರೆ ಚಹಾ ಬಂದಿತ್ತು, ಜೊತೆಗೆ ಆತನ ತಾಯಿ ಶಾಂತಾಬಾಯಿ ಕಟ್ಟಿಕೊಟ್ಟಿದ್ದ ಶೇಂಗಾ ಹೋಳಿಗೆಯೂ ಬಂದಿತ್ತು. ಬಂಪರಿಗೂ ಡಬ್ಬಿಗೂ ಸಂಬಂಧವಿಲ್ಲ ಎಂಬುದು ನಿಜವೇ ಆಗಿತ್ತು. ಬಂಪರ್ ಬಗ್ಗೆ ಮಾತ್ರ ಬರೆದೆ. ಡಬ್ಬಿ ಕಾಣುವ ಫೋಟೋ ನನ್ನ ಕಂಪ್ಯೂಟರಿನಲ್ಲಿ ಉಳಿಯಿತು, ವರದಿಗೆ ಸೇರಲಿಲ್ಲ.

ಎಂಟು ತಿಂಗಳ ನಂತರ ಅದೇ ವಿಮಾ ಕಂಪನಿಯಿಂದ ಫೋನ್ ಬಂತು. ಅಹ್ಮದನಗರ ರಸ್ತೆಯಲ್ಲಿ ಶಿರೂರಿಗೆ ಒಂಬತ್ತು ಕಿಲೋಮೀಟರ್ ಈಚೆ, ನಿಂತ ಕಾರಿಗೆ ಹಿಂದಿನಿಂದ ಲಾರಿ ಗುದ್ದಿದೆ, ಒಬ್ಬರು ತೀರಿಕೊಂಡಿದ್ದಾರೆ ಎಂದರು. ನಂಬರು ಬರೆದುಕೊಳ್ಳುವಾಗ ಎಲ್ಲೋ ಕೇಳಿದಂತಿದೆ ಅನಿಸಿತು. ಕಾರು ಇಟ್ಟಿದ್ದ ಯಾರ್ಡಿಗೆ ಹೋದ ಮೇಲೆ ಗುರುತು ಸಿಕ್ಕಿತು. ತೀರಿಕೊಂಡವರು ಶಾಂತಾಬಾಯಿ. ನಾನು ಅವರ ಮುಖ ನೋಡಿರಲಿಲ್ಲ, ಅವರ ಹೋಳಿಗೆ ತಿಂದಿದ್ದೆ.

ಕಾರು ಓಡಿಸುತ್ತಿದ್ದವಳು ಸೊಸೆ ಸುಮಂಗಲಾ. ಶಿರೂರಿನಲ್ಲಿ ಶಾಂತಾಬಾಯಿಯ ಅಕ್ಕ ಬೆಳಿಗ್ಗೆ ತೀರಿಕೊಂಡಿದ್ದರು. ಮಧ್ಯಾಹ್ನ ಮಣ್ಣು. ಮಲ್ಲಿಕಾರ್ಜುನ ಕೆಲಸದ ಮೇಲೆ ನಾಶಿಕದಲ್ಲಿದ್ದ. ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಸುಮಂಗಲಾ ಹೊರಟಳು. ಯೆರವಡಾ ದಾಟುವಾಗ ಪೆಟ್ರೋಲಿನ ದೀಪ ಹತ್ತಿತು. ಪರದೆ ಇನ್ನೂ 74 ಕಿಲೋಮೀಟರ್ ಹೋಗಬಹುದು ಎಂದಿತು. ವಾಘೋಲಿಯ ಪಂಪಿನಲ್ಲಿ ಉದ್ದ ಸಾಲು. "ಮುಖ ಒಂದ್ ನೋಡೂಣು ನಡಿ ತಂಗಿ, ಹೊಳ್ಳಿ ಬರುಮುಂದ ಹಾಕ್ಸೂಣು" ಎಂದು ಅತ್ತೆಯೇ ಹೇಳಿದರು. ಲೆಕ್ಕ ಹಾಕಿದರೆ ಸಾಲುತ್ತಿತ್ತು. ಯೆರವಡಾದಿಂದ ಐವತ್ತೈದು ಕಿಲೋಮೀಟರ್ ಹೋದ ಮೇಲೆ ಇಂಜಿನ್ ಎರಡು ಸಲ ಎಳೆದಾಡಿ ಸತ್ತಿತು. ಸ್ಟಿಯರಿಂಗ್ ಬಿಗಿಯಾಯಿತು, ಕಾರು ಅರ್ಧ ರಸ್ತೆಯಲ್ಲೇ ನಿಂತಿತು. ದೀಪಗಳನ್ನು ಮಿನುಗಿಸಿಟ್ಟು, ಸಹಾಯಕ್ಕೆ ಕೈ ಮಾಡಲು ಆಕೆ ಕೆಳಗಿಳಿದಳು. ಮೊಣಕಾಲು ನೋವಿನ ಅತ್ತೆಗೆ ಬೇಗ ಇಳಿಯಲಾಗಲಿಲ್ಲ.

ಮೂರನೆಯ ದಿನವೇ ಸುಮಂಗಲಾ ಮಗರಪಟ್ಟಾದ ಅಣ್ಣನ ಮನೆ ಸೇರಿದ್ದಳು. ಸೇರಿದ್ದಳು ಎನ್ನುವುದಕ್ಕಿಂತ ಕಳಿಸಲಾಗಿತ್ತು ಎನ್ನಬೇಕು. ಪೆಟ್ರೋಲ್ ಹಾಕಿಸದೆ ಮುದುಕಿಯನ್ನು ಕೊಂದವಳು ಎಂದು ಮಣ್ಣಿಗೆ ಬಂದವರ ಎದುರೇ ಗಂಡ ಕೂಗಾಡಿದ್ದ. ಮೀಟರು ಇನ್ನೂ ಇದೆ ಅಂದಿತ್ತು ಎಂಬ ಅವಳ ಮಾತನ್ನು ಪೊಲೀಸರೂ ನಂಬಿರಲಿಲ್ಲ. ನಡುರಸ್ತೆಯಲ್ಲಿ ಕಾರು ನಿಲ್ಲಿಸಿದ ಅಜಾಗರೂಕತೆ ಎಂದು ಅವಳ ಮೇಲೂ ಪ್ರಕರಣ ಹಾಕುವ ಮಾತು ನಡೆದಿತ್ತು.

ಯಾರ್ಡಿನಲ್ಲಿ ನನ್ನ ಜೊತೆ ಇದ್ದವರು ಹಳೆಯ ಫೋರ್‌ಮನ್ ಶಿಂದೆ. ಕಾರಿನ ಹಿಂಭಾಗ ಒಳಗೆ ಹೋಗಿತ್ತು, ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಪೆಟ್ರೋಲ್ ಟ್ಯಾಂಕ್ ಒಡೆದಿರಲಿಲ್ಲ, ಕೊಳವೆ ಬಿಚ್ಚಿದರೆ ನಾಲ್ಕು ಹನಿ ಬಂದವು. ನಾನು ಕೀಲಿ ತಿರುಗಿಸಿದೆ. ಪರದೆ ಬೆಳಗಿತು. ಇನ್ನೂ 19 ಕಿಲೋಮೀಟರ್ ಹೋಗಬಹುದು ಎಂದು ತೋರಿಸುತ್ತಿತ್ತು.

"ಖೋಟಂ ಬೋಲ್ತಯ್ ಸಾಹೇಬ," ಎಂದರು ಶಿಂದೆ. ಮೀಟರು ಸುಳ್ಳು ಹೇಳುತ್ತಿದೆ.

ನಾನು ಬಾನೆಟ್ ಎತ್ತಿದೆ. ಡಬ್ಬಿ ಅಲ್ಲೇ ಇತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಅಲ್ಲಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ, ಆದರೂ ನಾನು ಶಿಂದೆಗೆ ಹೇಳಿದೆ: "ಇದನ್ನು ನಾನು ಮೊದಲೇ ನೋಡಿದ್ದೆ."

ಇಲ್ಲಿ ಸ್ವಲ್ಪ ಯಂತ್ರದ ಮಾತು ಹೇಳಬೇಕು. ಕಾರಿನಲ್ಲಿ ಮೈಲೇಜನ್ನು ಯಾರೂ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಇಂಜೆಕ್ಟರ್ ಎಂಬ ಸಣ್ಣ ಸೂಜಿಬಾಯಿಗೆ ಇಷ್ಟು ಪೆಟ್ರೋಲ್ ಬಿಡು ಎಂದು ಕಾರಿನ ಕಂಪ್ಯೂಟರ್ ಅಪ್ಪಣೆ ಕೊಡುತ್ತದೆ. ಕೊಟ್ಟ ಅಪ್ಪಣೆಗಳನ್ನು ಕೂಡಿಸಿ ಪರದೆಗೆ ಕಳಿಸುತ್ತದೆ. ಡಬ್ಬಿ ಕೂರುವುದು ಇವೆರಡರ ನಡುವೆ. ಕಂಪ್ಯೂಟರ್ ನೂರು ಹನಿ ಎಂದರೆ ಡಬ್ಬಿ ನೂರಮೂವತ್ತು ಬಿಡಿಸುತ್ತದೆ. ಹೊಗೆ ಪರೀಕ್ಷಿಸುವ ಸೆನ್ಸರಿನ ತಂತಿಯೂ ಅದರ ಮೂಲಕವೇ ಹೋಗಿದ್ದರಿಂದ ಕಂಪ್ಯೂಟರಿಗೆ ಸುಳಿವು ಸಿಗುವುದಿಲ್ಲ. ಅದರ ಲೆಕ್ಕದಲ್ಲಿ ಸುಟ್ಟದ್ದು ನೂರೇ. ಅಗಲ ಟೈರು ಹಾಕಿಸಿದರೂ ಮೈಲೇಜು ಬೀಳುತ್ತದೆ, ಆದರೆ ಬಿದ್ದದ್ದನ್ನು ಪರದೆ ತೋರಿಸುತ್ತದೆ. ಈ ಡಬ್ಬಿ ಕದ್ದು ತಿನ್ನುತ್ತದೆ. ಟ್ಯಾಂಕಿನ ತೇಲುಗುಂಡು ನಿಜ ಹೇಳುತ್ತದಾದರೂ, ಆ ಮಾದರಿಯ ಕಾರಿನಲ್ಲಿ ದೀಪ ಹತ್ತಿದ ಮೇಲೆ ಪರದೆ ಅದನ್ನು ಕೇಳುವುದಿಲ್ಲ, ತನ್ನ ಲೆಕ್ಕವನ್ನೇ ಇಳಿಸುತ್ತ ಹೋಗುತ್ತದೆ.

ಊಹೆಯನ್ನು ವರದಿಯಲ್ಲಿ ಬರೆಯುವಂತಿಲ್ಲ. ಕಂಪನಿಯ ಒಪ್ಪಿಗೆ ಪಡೆದು ಅದೇ ಮಾದರಿಯ ಇನ್ನೊಂದು ಕಾರು ತರಿಸಿದೆವು. ಟ್ಯಾಂಕಿನ ಕುತ್ತಿಗೆಯವರೆಗೆ ಪೆಟ್ರೋಲ್ ತುಂಬಿಸಿ, ಪುಣೆಯಿಂದ ಶಿರೂರಿಗೆ ಹೋಗಿಬಂದು, ಅದೇ ಪಂಪಿನಲ್ಲಿ ಮತ್ತೆ ಕುತ್ತಿಗೆಯವರೆಗೆ ತುಂಬಿಸಿದೆವು. ಎಷ್ಟು ಹಿಡಿಯಿತೋ ಅಷ್ಟೇ ಸುಟ್ಟದ್ದು. ಡಬ್ಬಿ ಇಲ್ಲದೆ ಪರದೆ 17.3 ಎಂದಿತು, ಟ್ಯಾಂಕ್ 16.8 ಎಂದಿತು. ಮರುದಿನ ಅಪಘಾತದ ಕಾರಿನ ಡಬ್ಬಿ ಕೂರಿಸಿಕೊಂಡು ಅದೇ ದಾರಿ ಹಿಡಿದೆವು. ಪರದೆ 17.2. ಟ್ಯಾಂಕ್ 12.9. ಹೋಗುವಾಗ ಬರುವಾಗ ಎರಡೂ ಸಲ ಆ ಜಾಗ ದಾಟಿದೆವು. ರಸ್ತೆಯ ಮೇಲೆ ಗಾಜಿನ ಚೂರುಗಳು ಇನ್ನೂ ಇದ್ದವು.

ಗಂಡ ಹೆಂಡತಿ ಇಬ್ಬರ ಹೇಳಿಕೆ ಬೇಕಿತ್ತು. ನನ್ನ ಆಫೀಸಿಗೆ ಕರೆಸಿದೆ. ಸುಮಂಗಲಾ ಅಣ್ಣನ ಜೊತೆ ಬಂದಳು, ಗಂಡನಿಂದ ಎರಡು ಕುರ್ಚಿ ಬಿಟ್ಟು ಕೂತಳು. ಡಬ್ಬಿ ಹಾಕಿಸಿದ ಮೇಲೆ ಎಂದಾದರೂ ಟ್ಯಾಂಕ್ ಫುಲ್ ಮಾಡಿಸಿದ್ದಿರಾ ಎಂದು ಮಲ್ಲಿಕಾರ್ಜುನನನ್ನು ಕೇಳಿದೆ.

"ಇಲ್ರಿ. ಐನೂರು ಐನೂರು ಹಾಕ್ಸ್ತೀನ್ರಿ. ಎಲ್ಲಾರೂ ಹಂಗೇ ಅಲ್ರಿ?"

ಸುಮಂಗಲಾ ಮೊದಲ ಸಲ ಬಾಯಿ ತೆರೆದಳು. "ಇತ್ತಿತ್ಲಾಗ ಪೆಟ್ರೋಲ್ ಭಾಳ ಲಗೂನ ಮುಗೀಲಿಕತ್ತದ ಅಂತ ನಾ ಹೇಳಿದ್ದೆ. ಮೀಟರ್ ನೋಡು, ನಿನಗೇನ್ ತಿಳೀತದ ಅಂದ್ರು."

ಪರೀಕ್ಷೆಯ ಫಲಿತಾಂಶ ಓದಿ ಹೇಳಿದೆ. ಎರಡನೆಯ ಸಲ ಓದಬೇಕಾಯಿತು. ಮಲ್ಲಿಕಾರ್ಜುನನ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಅದೂ ಇಳಿದುಹೋಯಿತು. ಮೇಜಿನ ಮೇಲೆ ಬಾಗಿ ನನ್ನ ಕೈ ಹಿಡಿದುಕೊಂಡ.

"ಬರೀಬ್ಯಾಡ್ರಿ ಕಾಕಾ. ನಿಮ್ಮ ಕಾಲ್ ಬೀಳ್ತೀನಿ. ಅದನ್ನ ಬರದ್ರ ನಮ್ಮವ್ವನ್ನ ನಾನೇ ಕೊಂದಂಗ ಆಗ್ತದ."

"ಬರೀಲಿಲ್ಲಂದ್ರ ನಾ ಕೊಂದಂಗ ಆಗ್ತದ," ಎಂದಳು ಸುಮಂಗಲಾ.

ಅದೇ ಮಾತು, ಅದೇ ಕಾಕಾ. ಈ ಸಲ ಕೈ ಬಿಡಿಸಿಕೊಂಡೆ. ಬರೆಯುತ್ತೇನೆ ಎಂದೆ. ಆದರೆ ಬರೆಯುವ ಮೊದಲು ಇಬ್ಬರಿಗೂ ಇನ್ನೊಂದು ವಿಷಯ ಹೇಳಬೇಕಿತ್ತು. ಎಂಟು ತಿಂಗಳ ಹಿಂದಿನ ಫೋಟೋ ತೆಗೆದು ಮೇಜಿನ ಮೇಲಿಟ್ಟೆ. ಅಂದು ವರದಿಗೆ ಸೇರಿಸಿದ್ದರೆ ಕಂಪನಿ ಪತ್ರ ಬರೆಯುತ್ತಿತ್ತು, ಡಬ್ಬಿ ತೆಗೆಸುವವರೆಗೆ ಬಿಡುತ್ತಿರಲಿಲ್ಲ ಎಂದೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ನನ್ನ ಪಾಲಿಗೆ ಆ ಹೊತ್ತು ಗಾದೆಯಾಗಿ ಉಳಿದಿರಲಿಲ್ಲ.

ಸುಮಂಗಲಾ ಫೋಟೋವನ್ನು ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಅತ್ತಿ ಇದ್ದಾಗ ಇದನ್ನ ಬರದಿದ್ರ ಛಲೋ ಇತ್ತರಿ," ಎಂದಳು.

ಆಗಿನ ಫೋಟೋ, ಈಗಿನ ಫೋಟೋ, ನನ್ನ ತಪ್ಪೊಪ್ಪಿಗೆ, ಮೂರನ್ನೂ ಸೇರಿಸಿ ವರದಿ ಕೊಟ್ಟೆ. ಪ್ರತಿ ಪೊಲೀಸರಿಗೂ ಹೋಯಿತು. ಸುಮಂಗಲಾಳ ಮೇಲೆ ಪ್ರಕರಣ ದಾಖಲಾಗಲಿಲ್ಲ. ಕಂಪನಿ ನನ್ನನ್ನು ತನ್ನ ಸರ್ವೇಯರುಗಳ ಪಟ್ಟಿಯಿಂದ ತೆಗೆಯಿತು. ಅದು ನ್ಯಾಯವೇ. ಸುಮಂಗಲಾ ವಾಕಡಕ್ಕೆ ಮರಳಲಿಲ್ಲ. ಮಲ್ಲಿಕಾರ್ಜುನ ಕರೆಯಲು ಹೋಗಿದ್ದನೆಂದೂ, ಬಾಗಿಲಲ್ಲೇ ನಿಂತು ಹಿಂತಿರುಗಿದನೆಂದೂ ಅವಳ ಅಣ್ಣ ಹೇಳಿದ. ಇಬ್ಬರ ನಡುವೆ ಮೊದಲು ಸುಳ್ಳು ಕೂತಿತ್ತು, ಈಗ ನಿಜ ಕೂತಿದೆ. ನಿಜವನ್ನು ದಾಟುವುದು ಸುಲಭವಲ್ಲ.

ಈಗ ಬೇರೆ ಕಂಪನಿಗಳ ಕೆಲಸ ಮಾಡುತ್ತೇನೆ. ಹಿಂದಿನ ದೀಪ ಒಡೆದ ಕಾರಿಗೂ ಬಾನೆಟ್ ಎತ್ತಿಸುತ್ತೇನೆ. ಗ್ಯಾರೇಜಿನವರು ನಗುತ್ತಾರೆ, ನಗಲಿ. ಕಂಡದ್ದಕ್ಕೂ ಹಾನಿಗೂ ಸಂಬಂಧವಿದೆಯೇ ಎಂದು ತೀರ್ಮಾನಿಸುವುದು ಆಮೇಲಿನ ಮಾತು. ಮೊದಲು ಕಂಡದ್ದು ಕಾಗದಕ್ಕೆ ಇಳಿಯಬೇಕು ಎಂಬುದನ್ನು ಈ ಕೆಲಸ ನನಗೆ ಒಂದು ಜೀವ ತೆಗೆದುಕೊಂಡು ಕಲಿಸಿತು. ಯಾರಾದರೂ ಕನ್ನಡದಲ್ಲಿ ಕಾಕಾ ಎಂದು ಕರೆದು ಚಹಾ ತರಿಸಿದರೆ, ವರದಿ ಮುಗಿಸಿ ಸಹಿ ಹಾಕಿದ ಮೇಲೆಯೇ ಲೋಟ ಮುಟ್ಟುತ್ತೇನೆ. ಅಷ್ಟರಲ್ಲಿ ಅದು ಆರಿರುತ್ತದೆ.