ಕೋರ್ಟಿಗೆ ಹೋಗಿ ಓದಿ ಬನ್ನಿ ಎಂದ ಬಸ್ಸಿನ ಧಣಿ

ಅವರ ಬಲಗೈಯ ಉಂಗುರ ಬೆರಳಿನ ಬುಡದಲ್ಲಿ ಒಂದು ಬಿಳಿ ಪಟ್ಟಿ ಇತ್ತು. ಎಷ್ಟೋ ವರ್ಷ ಬಿಸಿಲು ಕಾಣದ ಚರ್ಮ. ಉಂಗುರ ಹೋಗಿ ಬಹಳ ದಿನವಾದರೂ ಪಟ್ಟಿ ಮಾಸಿರಲಿಲ್ಲ. ರೋಷ ಬಂದಾಗ ಅವರು ಆ ಕೈಯನ್ನೇ ಎತ್ತಿ ಮಾತಾಡುತ್ತಿದ್ದರು, ಎದುರಿಗಿದ್ದವರ ಕಣ್ಣು ಬೇಡವೆಂದರೂ ಅಲ್ಲಿಗೇ ಹೋಗುತ್ತಿತ್ತು.

ಆ ಸಂಜೆ ಪುಂಜಾಲಕಟ್ಟೆಯ ನನ್ನ ಹೊಲಿಗೆ ಅಂಗಡಿಯಲ್ಲಿ ನಾವು ನಾಲ್ಕು ಜನ ಇದ್ದೆವು. ಮೆಷಿನ್ನಿನ ಹಿಂದೆ ನಾನು. ಗಿರಾಕಿಗಳಿಗೆಂದು ಹಾಕಿದ ಬೆಂಚಿನಲ್ಲಿ ಅವರು, ಅಂದರೆ ಎರಡು ಬಸ್ಸುಗಳನ್ನು ಓಡಿಸಿ ಪಾಪರ್ ಆದ ಧಣಿ. ಬೆಂಚಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಸಿಗದೆ ಕೂತ ರಿಕ್ಷಾದವನು. ಬಾಗಿಲಲ್ಲಿ, ಚಪ್ಪಲಿ ಕಳಚದೆ, ಒಳಗೂ ಬಾರದೆ ನಿಂತವರು ಧಣಿಗಳ ಬಸ್ಸಿನಲ್ಲಿ ತಲೆ ನರೆಯುವವರೆಗೆ ದುಡಿದ ಕಂಡಕ್ಟರು.

"ಧಣಿ, ಹೆಚ್ಚು ಮಾತು ಬೇಡ," ಎಂದರು ಕಂಡಕ್ಟರು. "ನಾಳೆ ದೈವದ ಗುಡಿಗೆ ಬನ್ನಿ. ಎಲ್ಲೂ ಎಂತದೂ ಅಡಗಿಸಿ ಇಟ್ಟಿಲ್ಲ ಅಂತ ಮೆಟ್ಟಿಲು ಮುಟ್ಟಿ ಹೇಳಿ. ಮತ್ತೆ ನಾನು ಕೇಳುವುದಿಲ್ಲ."

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಜಗಳ ಯಾವ ರೀತಿಯಲ್ಲೂ ಬಗೆಹರಿಯದಿದ್ದಾಗ ದೈವದ ಎದುರು ಪ್ರಮಾಣ ಮಾಡುವುದು ಕೊನೆಯ ದಾರಿ. ಕರೆದಾಗ ಬಾರದವನು ಕಳ್ಳನೆಂದು ಊರು ತೀರ್ಮಾನಿಸಿಬಿಡುತ್ತದೆ.

ಧಣಿಗಳು ಕೈ ಎತ್ತಿದರು. "ನಾನು ಬರುವುದಿಲ್ಲ."

ರಿಕ್ಷಾದವನು ಹಚ್ಚಲು ಹೊರಟ ಬೀಡಿಯನ್ನು ಹಾಗೇ ಹಿಡಿದು ಕೂತ.

"ಹೆದರಿ ಅಲ್ಲ ಮಾರಾಯ. ನನ್ನ ಸಾಲ ಎಣಿಸ್ಲಿಕ್ಕೆ ದೈವವನ್ನು ಕೂರಿಸುವುದಾ? ನಾನು ಒಮ್ಮೆ ಜಡ್ಜರ ಎದುರು ಹೇಳಿ, ಸಹಿ ಹಾಕಿ ಆಗಿದೆ. ಇದ್ದದ್ದು, ಕೊಡ್ಲಿಕ್ಕಿರುವುದು, ಎಲ್ಲ ಬರೆದು ಕೊಟ್ಟಿದ್ದೇನೆ. ಅದು ಬಂಟ್ವಾಳದ ಕೋರ್ಟಿನಲ್ಲಿ ಉಂಟು. ಹೋಗಿ ಓದಿ ಬಾ."

"ಕೋರ್ಟಿನ ಕಾಗದ ನಮಗೆಲ್ಲ ಯಾರು ತೋರಿಸ್ತಾರೆ?"

"ಕೇಳಿದ್ರೆ ತೋರಿಸ್ತಾರೆ. ಅದು ನನ್ನ ಅಪ್ಪನ ಕಪಾಟು ಅಲ್ಲ, ಬೀಗ ಹಾಕಿ ಇಡ್ಲಿಕ್ಕೆ."

ಕಂಡಕ್ಟರು ಇಳಿದು ಹೋದರು. ಮರುದಿನ ಬೆಳಗಾಗುವಾಗ 'ಧಣಿ ಪ್ರಮಾಣಕ್ಕೆ ಹಿಂದೆ ಸರಿದರಂತೆ' ಎಂಬ ಸುದ್ದಿ ಬೆಳ್ತಂಗಡಿ ದಾಟಿ ಕಕ್ಕಿಂಜೆಯವರೆಗೆ ಹೋಗಿತ್ತು. ಅವರದೇ ಹಳೆಯ ಬಸ್ಸಿನ ರೂಟು ಅದು.

ಬಸ್ಸುಗಳಿದ್ದ ಕಾಲದಿಂದಲೂ ಅವರು ಹೀಗೆಯೇ. ನನ್ನ ಅಂಗಡಿಯ ಹೊರಗಿನ ಕಂಬಕ್ಕೆ ಒಂದು ಕಪ್ಪು ಹಲಗೆ ಬಡಿದು, ಬಸ್ಸಿನ ಹೊತ್ತನ್ನು ತಾವೇ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಬಸ್ಸು ಕೆಟ್ಟ ದಿನ ಅದರ ಮೇಲೆ, 'ಇಂದು ಬೆಳಗಿನ ಟ್ರಿಪ್ ಇಲ್ಲ. ತಪ್ಪು ನಮ್ಮದು' ಎಂದು ಬರೆದು ಹೋಗುವರು. "ತಪ್ಪು ನಮ್ಮದು ಅಂತ ಯಾಕೆ ಧಣಿ? ಮರ್ಯಾದೆ ಹೋಗ್ತದೆ," ಎಂದು ಕಂಡಕ್ಟರು ಗೊಣಗಿದರೆ, "ಮತ್ತೆ ಯಾರದ್ದು? ರೇಡಿಯೇಟರಿನದ್ದಾ?" ಎನ್ನುವರು. ನನ್ನ ಮೊದಲ ಮೆಷಿನ್ನು ಮೂಡುಬಿದಿರೆಯಿಂದ ಬಂದದ್ದು ಅವರ ಬಸ್ಸಿನ ಟಾಪಿನ ಮೇಲೆ. ಲಗೇಜು ಎಷ್ಟು ಎಂದು ಕೇಳಿದ್ದಕ್ಕೆ, "ನನ್ನ ಖಾಕಿ ಅಂಗಿಯ ಗುಂಡಿ ಉದುರಿದೆ, ಮೊದಲು ಅದನ್ನು ಹಾಕು ಮಗಳೇ," ಎಂದಿದ್ದರು. ಆ ಗುಂಡಿಯೇ ನನ್ನ ಅಂಗಡಿಯ ಬೋಣಿ.

ಕೊರೊನಾ ಕಾಲದಲ್ಲಿ ಬಸ್ಸುಗಳು ನಿಂತಲ್ಲೇ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ಮತ್ತೆ ಓಡಿಸಿದಾಗ ಸೀಟು ತುಂಬಲಿಲ್ಲ, ಡೀಸೆಲಿಗೂ ಕೈಯಿಂದ ಹಾಕಬೇಕಾಯಿತು. ಕೊನೆಗೆ ಅವರೇ ಕೋರ್ಟಿಗೆ ಹೋಗಿ, ನನ್ನಿಂದ ತೀರಿಸಲಾಗುವುದಿಲ್ಲ, ಇರುವುದನ್ನು ಮಾರಿ ಎಲ್ಲರಿಗೂ ಹಂಚಿ ಎಂದು ದಿವಾಳಿ ಅರ್ಜಿ ಹಾಕಿದರು. ಬೇರೆಯವರಾಗಿದ್ದರೆ ಮಗಳ ಮನೆಗೋ ಮುಂಬೈಗೋ ಹೋಗಿ ಮುಖ ಮರೆಸಿಕೊಳ್ಳುತ್ತಿದ್ದರು. ಇವರು ಅದೇ ಹಲಗೆಯ ಮೇಲೆ ಬರೆದರು: 'ನಮ್ಮ ಬಸ್ಸುಗಳು ಇನ್ನು ಓಡುವುದಿಲ್ಲ. ವಿಷಯ ಕೋರ್ಟಿನಲ್ಲಿ ಇದೆ. ತಿಳಿಯಬೇಕಾದವರು ಅಲ್ಲಿ ಕೇಳಬಹುದು.' ಮಳೆ ಬಂದು ಅಳಿಸಿದಾಗಲೆಲ್ಲ ಮತ್ತೆ ಬರೆದರು. ಧಣಿ ಎಂದು ಕರೆಯುವಾಗ ಕೆಲವರ ದನಿಯಲ್ಲಿ ಕುಹಕ ಇರುತ್ತಿತ್ತು. "ಕರೀಲಿ. ಆ ಹೆಸರಿಗೆ ಜಪ್ತಿ ಇಲ್ಲ," ಎನ್ನುವರು.

ಕಂಡಕ್ಟರ ಸಿಟ್ಟಿಗೆ ಕಾರಣ ಇತ್ತು. ಮನೆಗೆ ತಾರಸಿ ಹಾಕಿಸಲು ಇಟ್ಟಿದ್ದ ಹಣವನ್ನು ಅವರು ಡೀಸೆಲಿಗೆಂದು ಧಣಿಗಳ ಕೈಗೆ ಕೊಟ್ಟಿದ್ದರು. ಕಾಗದವಿಲ್ಲ, ಸಾಕ್ಷಿಯಿಲ್ಲ. ಕಾಗದವಿಲ್ಲದ ಸಾಲವನ್ನು ಯಾರಾದರೂ ಕೋರ್ಟಿಗೆ ಹೇಳುತ್ತಾರೆಯೇ? ಹೇಳಿರಲಿಕ್ಕಿಲ್ಲ ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ಅದರ ಮೇಲೆ ಇನ್ನೊಂದು ಸುದ್ದಿ. ಮೂಡುಬಿದಿರೆ ರೂಟಿನಲ್ಲಿ ಓಡುವ ಹೊಸ ಹಸುರು ಬಸ್ಸು ಧಣಿಗಳದ್ದೇ, ತಂಗಿಯ ಹೆಸರಿನಲ್ಲಿ ಮಾಡಿಟ್ಟಿದ್ದಾರೆ ಎಂದು.

ಆ ಸುದ್ದಿಗೆ ಗಾಳಿ ಹಾಕುವವರಲ್ಲಿ ರಿಕ್ಷಾದವನೇ ಮುಂದು. ಒಂದು ದಿನ ಬೆಂಚಿನಲ್ಲಿ ಕೂತು ನೇರವಾಗಿ ಕೇಳಿದ. "ಧಣಿ, ಆ ಹಸುರು ಬಸ್ಸು ನಿಮ್ಮದಂತೆ, ಹೌದಾ?"

"ನನ್ನದಾದ್ರೆ ಫೈಲಿನಲ್ಲಿ ಇರ್ತದೆ. ರೂಟು ಹೇಳ್ತೇನೆ, ಹೋಗಿ ನೋಡು." ಧಣಿಗಳು ಕಾಲು ಮಡಚಿ ಕೂತರು. "ಮೊದಲ ಸ್ಟಾಪು ನಿನ್ನ ಮೊಬೈಲು. ಕೋರ್ಟುಗಳ ವೆಬ್‌ಸೈಟು ಉಂಟು, ಅದಕ್ಕೆ ಟಿಕೆಟು ಇಲ್ಲ. ಜಿಲ್ಲೆ ಒತ್ತು, ಬಂಟ್ವಾಳ ಒತ್ತು, ನನ್ನ ಹೆಸರು ಇಂಗ್ಲಿಷಿನಲ್ಲಿ ಹಾಕು, ಅರ್ಜಿ ಹಾಕಿದ ವರ್ಷ ಹಾಕು. ನಡೆಯುತ್ತಿರುವ ಕೇಸು ಅಂತ ಹುಡುಕಿದ್ರೆ ಸಿಗುವುದಿಲ್ಲ, ನನ್ನದು ಆದೇಶ ಆಗಿದೆ. ಮುಗಿದ ಕೇಸು ಅಂತ ಒತ್ತಬೇಕು. ಅಲ್ಲಿ ನಂಬರು ಸಿಗ್ತದೆ, ಆದೇಶ ಹಾಕಿದ್ರೆ ಅಲ್ಲೇ ಓದಬಹುದು. ಎರಡನೇ ಸ್ಟಾಪು ಕೋರ್ಟಿನ ನಕಲು ವಿಭಾಗ. ನಂಬರು ಬರೆದು ಅರ್ಜಿ, ಅದಕ್ಕೆ ಕೋರ್ಟ್ ಫೀ ಸ್ಟಾಂಪು. ನೀನು ಕೇಸಿಗೆ ಹೊರಗಿನವ, ಹಾಗಾಗಿ ಯಾಕೆ ಬೇಕು ಅಂತ ಒಂದು ಅಫಿಡವಿಟ್. ಅವರು ಒಪ್ಪಿದ್ರೆ ಪುಟದ ಲೆಕ್ಕದಲ್ಲಿ ಕಟ್ಟಿ ನಕಲು ತಕೊಳ್ಳುವುದು."

"ಯಾಕೆ ಬೇಕು ಅಂದ್ರೆ ನಾನು ಎಂತ ಬರೆಯುವುದು?"

"ಧಣಿಯ ಮೇಲೆ ಸಂಶಯ ಉಂಟು ಅಂತ ಬರಿ. ಬೇಕಾದ್ರೆ ಸಾಕ್ಷಿಗೆ ನಾನು ಸಹಿ ಹಾಕ್ತೇನೆ."

ರಿಕ್ಷಾದವನು ನಕ್ಕು ಎದ್ದು ಹೋದ. ಹೀಗೆ ಅವರು ಕೇಳಿದವರಿಗೆಲ್ಲ ರೂಟು ಹೇಳಿದರು. ಸಂಶಯ ಎಲ್ಲರಿಗೂ ಇತ್ತು, ಆ ಕೋರ್ಟು ಇರುವ ಬಿ.ಸಿ.ರೋಡಿನವರೆಗೆ ಹೋಗುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಪ್ರಮಾಣದ ಮಾತಾಗಿ ಕೆಲವು ವಾರಗಳ ಮೇಲೆ, ಧಣಿಗಳು ಊಟಕ್ಕೆ ಹೋಗಿದ್ದ ಹೊತ್ತು ನೋಡಿ ಕಂಡಕ್ಟರು ಬಂದರು.

"ಟೈಲರಕ್ಕ, ಆ ಮೊಬೈಲಿನದ್ದು ನಿಮಗೆ ನೋಡ್ಲಿಕ್ಕೆ ಬರ್ತದಾ?"

ನೋಡಿದೆ. ಹೆಸರಿನ ಸ್ಪೆಲ್ಲಿಂಗು ಒಂದೆರಡು ಸಲ ಬದಲಾಯಿಸಿದ ಮೇಲೆ ಸಿಕ್ಕಿತು. ಧಣಿಗಳ ಹೆಸರು, ಅದರ ಎದುರು ಒಂದು ಬ್ಯಾಂಕಿನ ಹೆಸರು, 'ಮತ್ತು ಇತರರು'. ನಂಬರು ಬರೆದುಕೊಂಡೆ. ಆ ಇತರರು ಯಾರೆಂದು ಮುಂದಕ್ಕೆ ಒತ್ತಿ ನೋಡುವ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ.

"ಒಬ್ಬನೇ ಹೋಗ್ಲಿಕ್ಕೆ ಮನಸ್ಸಿಲ್ಲ," ಎಂದರು. "ನಾವು ಒಟ್ಟಿಗೆ ಹೋಗುವ."

ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ಹೊರಟೆ. ಬಸ್ಸಿನಲ್ಲಿ ನಾನು ಟಿಕೆಟು ತೆಗೆದೆ. ಅವರ ಹತ್ತಿರ ಯಾರೂ ಕೇಳಲಿಲ್ಲ. ಆ ಲೈನಿನಲ್ಲಿ ಅವರು ಟಿಕೆಟು ಹರಿದು ಕೊಟ್ಟವರೇ ಹೊರತು ಕೊಂಡವರಲ್ಲ. ಬಿ.ಸಿ.ರೋಡಿನಲ್ಲಿ ಇಳಿದು ನೋಟರಿಯ ಹತ್ತಿರ ಅಫಿಡವಿಟ್ ಮಾಡಿಸಿದೆವು. 'ನಾನು ಈ ಪ್ರಕರಣಕ್ಕೆ ಹೊರಗಿನವನಾಗಿದ್ದು' ಎಂದು ಅದರಲ್ಲಿ ಬರೆಸಿ, ಕಂಡಕ್ಟರು ನಿಧಾನಕ್ಕೆ ಸಹಿ ಹಾಕಿದರು.

ನಕಲು ವಿಭಾಗದ ಗುಮಾಸ್ತೆ ನಂಬರನ್ನು ಕಂಪ್ಯೂಟರಿಗೆ ಹಾಕಿ, ಅರ್ಜಿಯ ಮೇಲಿನ ಹೆಸರು ನೋಡಿ, ಕಂಡಕ್ಟರ ಮುಖ ನೋಡಿದಳು. ಅಫಿಡವಿಟನ್ನು ನಮ್ಮತ್ತಲೇ ಸರಿಸಿದಳು.

"ಇದು ಯಾಕೆ? ನೀವು ಹೊರಗಿನವರಲ್ಲ. ಎಂಟನೇ ಎದುರುದಾರರು ನೀವೇ ಅಲ್ವಾ?"

"ನಾನು ಯಾರಿಗೂ ಎದುರು ಅಲ್ಲ," ಎಂದರು ಕಂಡಕ್ಟರು ಗಾಬರಿಯಲ್ಲಿ.

"ಹಾಗಲ್ಲ ಮಾರಾಯ್ರೆ. ಸಾಲ ಕೊಟ್ಟವರನ್ನೆಲ್ಲ ಹಾಗೆ ಬರೆಯುವುದು. ನಿಮಗೆ ನೋಟೀಸು ಬರ್ಲಿಲ್ವಾ?"

ಕಡತ ನೋಡಲು ಬೇರೆ ಅರ್ಜಿ ಕೊಡಬಹುದೆಂದು ಅವಳೇ ಹೇಳಿದಳು. ಕೊಟ್ಟು, ಕರೆದ ದಿನ ಮತ್ತೆ ಹೋದೆವು. ಗುಮಾಸ್ತೆಯ ಎದುರೇ ಕೂತು ನಾನು ಓದಿದೆ, ಅವರು ಕೇಳಿದರು. ಬಸ್ಸು ಎರಡು. ಮನೆಯಲ್ಲಿ ಇಂತಿಷ್ಟು ಪಾಲು. ಚಿನ್ನದ ಉಂಗುರ ಒಂದು. ಹಸುರು ಬಸ್ಸಿನ ದೂರು ಅಲ್ಲಿಗೂ ಮುಟ್ಟಿತ್ತು. ಆಸ್ತಿ ಮಾರಿ ಹಂಚಲು ಕೋರ್ಟು ನೇಮಿಸಿದ ರಿಸೀವರರು ವಿಚಾರಿಸಿ, ಅದು ಇವರದ್ದೂ ಅಲ್ಲ, ತಂಗಿಯದ್ದೂ ಅಲ್ಲ ಎಂದು ವರದಿ ಕೊಟ್ಟಿದ್ದರು. ಮತ್ತೆ ಸಾಲಗಳು. ಎಂಟನೆಯದರ ಎದುರು: 'ಕೈಸಾಲ. ದಾಖಲೆ ಇಲ್ಲ. ಪಡೆದದ್ದು ನಿಜ.'

ಅದರ ಹಿಂದೆ ಹೊಲಿದಿದ್ದ ಒಂದು ಲಕೋಟೆ ಸಿಕ್ಕಿತು. ಒಡೆದಿರಲಿಲ್ಲ. ಕಂಡಕ್ಟರ ವಿಳಾಸ, ಅದರ ಮೇಲೆ ಅಂಚೆಯವನ ಅಕ್ಷರ: 'ಸ್ವೀಕರಿಸಲು ನಿರಾಕರಿಸಿದ್ದಾರೆ.'

ಕೋರ್ಟಿನ ಕಾಗದಕ್ಕೆ ಸಹಿ ಹಾಕಿದರೆ ಕೇಸಿನಲ್ಲಿ ಸಿಕ್ಕಿಬೀಳುತ್ತೇವೆ, ಮುಟ್ಟದಿದ್ದರೆ ಬಚಾವು. ನಮ್ಮ ಹಿರಿಯರು ಮಕ್ಕಳಿಗೆ ಕಲಿಸಿದ ಕಾನೂನು ಇಷ್ಟೇ. ನಾನಾದರೂ ಹಾಗೇ ಮಾಡುತ್ತಿದ್ದೆ.

"ಅಂದು ಪೋಸ್ಟಿನವ ಬಂದಿದ್ದ," ಎಂದರು ಕಂಡಕ್ಟರು. "ಕೋರ್ಟಿನದ್ದು ಅಂದ. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತೆ."

ಆ ಸಂಜೆ ಅವರು ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಬಂದು ಧಣಿಗಳ ಪಕ್ಕದಲ್ಲಿ ಕೂತರು.

"ಓದಿದಿಯಾ?"

"ಓದಿದೆ."

"ಎಷ್ಟನೇ ನಂಬರು?"

"ಎಂಟು."

"ನಿನ್ನದನ್ನು ಮೊದಲು ಹಾಕಿ ಅಂತ ಹೇಳಿದ್ದೆ. ವಕೀಲರು ಬಿಡ್ಲಿಲ್ಲ, ಬ್ಯಾಂಕು ಮೊದಲಂತೆ."

ಕಂಡಕ್ಟರು ಹೆಗಲ ಮೇಲಿನ ಬೈರಾಸಿನಿಂದ ಮುಖ ಒರಸಿಕೊಂಡರು. ನನಗೆ ತಡೆಯಲಾಗಲಿಲ್ಲ. "ಒಂದು ಮಾತು ಅವರಿಗೆ ಹೇಳಬಹುದಿತ್ತಲ್ಲ ಧಣಿ? ಇಷ್ಟು ದಿನ ಬಯ್ಗುಳ ತಿಂದಿರಿ."

ಆ ಬಿಳಿ ಪಟ್ಟಿಯ ಕೈ ಎದ್ದಿತು. "ನಾನು ಹೇಳಿದ್ರೆ ಅದು ಪಾಪರ್ ಆದವನ ಮಾತು. ಕೇಳಿ, ಪಾಪ ಅಂತ ನಂಬುವುದಾ, ಸುಳ್ಳು ಅಂತ ಉಗಿಯುವುದಾ, ಎರಡೂ ನನಗೆ ಬೇಡ. ನಾನು ಸೋತದ್ದು ಹೌದು. ಸೋತದ್ದನ್ನೂ ಎಲ್ಲರಿಗೂ ಕಾಣುವ ಹಾಗೆ ಬರೆದಿಟ್ಟಿದ್ದೇನೆ. ಬಂದು ಓದುವಷ್ಟು ಮರ್ಯಾದೆಯಾದ್ರೂ ನನಗೆ ಕೊಡಬೇಕು."

ಹಣ ಹಂಚುವುದು ಆಗ ಇನ್ನೂ ಮುಗಿದಿರಲಿಲ್ಲ. ಕಂಡಕ್ಟರು ರಿಸೀವರರಿಗೆ ತಮ್ಮ ಲೆಕ್ಕ ಕೊಟ್ಟರು. ಬಂದ ಪಾಲು ತಾರಸಿಗೆ ಸಾಲಲಿಲ್ಲ, ಹಳೆಯ ಹಂಚು ತೆಗೆದು ಹೊಸದು ಹೊದಿಸಲು ಸಾಕಾಯಿತು. ಕಡತದ ನಕಲನ್ನು ಅವರು ಧಣಿಗಳಿಗೆ ಕೊಡಲು ಹೋದರೆ, "ನನಗೆ ಬಾಯಿಪಾಠ ಉಂಟು, ನೀನೇ ಇಟ್ಟುಕೋ," ಎಂದರಂತೆ.

ಧಣಿಗಳು ಹೋದದ್ದು ಕಳೆದ ಮಳೆಗಾಲದ ಕೊನೆಯಲ್ಲಿ. ಮೂರು ದಿನದ ಜ್ವರ, ಅಷ್ಟೇ. ಆ ಕಪ್ಪು ಹಲಗೆ ಇನ್ನೂ ನನ್ನ ಕಂಬದಲ್ಲೇ ಇದೆ. ಅಂಗಡಿ ಮುಚ್ಚುವ ದಿನಗಳನ್ನು ನಾನು ಈಗ ಅದರ ಮೇಲೆ ಬರೆಯುತ್ತೇನೆ. ಬಟ್ಟೆ ಹೊಲಿಯುವಾಗ ಅಳತೆ ತಪ್ಪಿದರೆ, ತಪ್ಪು ನನ್ನದು ಎಂದು ಗಿರಾಕಿಯ ಮುಖ ನೋಡಿ ಹೇಳಲು ಕಲಿತದ್ದೂ ಆ ಹಲಗೆಯಿಂದಲೇ. ಈ ಸಾಲ ಯಾವ ಕೋರ್ಟಿನ ಪಟ್ಟಿಯಲ್ಲೂ ಇಲ್ಲ, ಹಾಗಾಗಿ ಇಲ್ಲಿ ಬರೆದಿದ್ದೇನೆ.

ಅವರ ಬೊಜ್ಜದ ಊಟ, ಅಂದರೆ ಉತ್ತರಕ್ರಿಯೆಯ ಊಟ, ನಡೆಯುತ್ತಿತ್ತು. ಪಂಕ್ತಿಯಲ್ಲಿ ನನ್ನ ಎದುರಿನ ಸಾಲಿನಲ್ಲಿ ರಿಕ್ಷಾದವನು ಕೂತಿದ್ದ. ಪಕ್ಕದವನ ಕಿವಿಯಲ್ಲಿ ಹೇಳಿದರೂ ಎಲ್ಲರಿಗೂ ಕೇಳಿತು. "ಏನೇ ಹೇಳಿ, ಹಸುರು ಬಸ್ಸಿನ ಗುಟ್ಟು ಒಟ್ಟಿಗೇ ತಕೊಂಡು ಹೋದರು."

ಕಂಡಕ್ಟರು ಸಾರು ಬಡಿಸುತ್ತ ಬರುತ್ತಿದ್ದರು. ಎತ್ತಿದ ಸೌಟನ್ನು ಹಾಗೇ ಹಿಡಿದು ನಿಂತರು. ಬಯ್ಯುತ್ತಾರೆಂದು ನಾನೆಣಿಸಿದೆ. ಅವರು ಅವನ ಎಲೆಗೆ ಸಾರು ಹಾಕಿ, "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬಾ. ಅಫಿಡವಿಟ್ ನೀನು ಮಾಡಿಸಬೇಕಾಗ್ತದೆ, ನೀನು ಹೊರಗಿನವ," ಎಂದು ಮುಂದಿನ ಎಲೆಗೆ ಹೋದರು.

ಮರುದಿನ ನಾನು ಬೇಗ ಅಂಗಡಿ ತೆರೆದೆ. ಕಂಡಕ್ಟರು ಹಲಗೆಯ ಕೆಳಗೆ ನಿಂತಿದ್ದರು. ಬಸ್ಸು ಬರುವ ಹೊತ್ತಿಗೆ ರಿಕ್ಷಾದವನು ತನ್ನ ಗಾಡಿಯನ್ನು ಸ್ಟ್ಯಾಂಡಿನಲ್ಲಿ ಬಿಟ್ಟು, ತಲೆ ತಗ್ಗಿಸಿಕೊಂಡು ನಡೆದು ಬಂದ. ಇಬ್ಬರೂ ಹತ್ತಿದರು. ಟಿಕೆಟು ಕೊಡುವ ಹುಡುಗ ಎಂದಿನಂತೆ ಕಂಡಕ್ಟರನ್ನು ದಾಟಿ ಮುಂದೆ ಹೋಗಲು ಹೊರಟ. ಅವರು ಅವನ ತೋಳು ಹಿಡಿದು ನಿಲ್ಲಿಸಿ, ಜೇಬಿನಿಂದ ಹಣ ತೆಗೆದು, ಎರಡು ಬಿ.ಸಿ.ರೋಡ್ ಕೊಡು ಎಂದರು.