ಹಿಡಿಯಿಲ್ಲದ ಕವೆಗೋಲು

ಈ ಪಟಕ್ಕೆ ಕಟ್ಟು ಹಾಕಿಸಲು ನಾನೂರು ರೂಪಾಯಿ ಕೊಟ್ಟೆ. ಹುಣಸೂರಿನ ಅಂಗಡಿಯವನು ಹೇಳಿದ್ದು ಆರುನೂರು. “ದೇವ್ರ ಪಟ ಅಲ್ಲ, ಮನುಷ್ರದೂ ಅಲ್ಲ. ಬೂದಿ ಚೆಲ್ದಂಗದೆ. ಯಾಕಣ್ಣ ಇದುಕ್ಕೆ ಗಾಜು?” ಅಂದ. “ನನ್ ಜೀವ ಉಳಿಸ್ದೋರು ಕಣಪ್ಪ,” ಎಂದೆ. ಗಾಜನ್ನು ಇನ್ನೊಮ್ಮೆ ಒರೆಸಿ ಕೊಟ್ಟ.

ನೀವೂ ಹತ್ತಿರ ಬಂದು ನೋಡಿ. ಬೂದು ಮಂಜು, ಅದರೊಳಗೆ ರಾಗಿಕಾಳಿನಂಥ ಮಸುಕು ಚುಕ್ಕೆಗಳು.

ಕೆಲವು ವರ್ಷಗಳ ಹಿಂದೆ ಹೊಗೆಸೊಪ್ಪಿನ ಬುಡದೆಲೆ ಮುರಿಯಲು ಬಗ್ಗಿದಾಗ ಕೊಳಕುಮಂಡಲ ಹಾವು ಕಾಲಿಗೆ ಕಚ್ಚಿತು. ಆಸ್ಪತ್ರೆಯಲ್ಲಿ ಸೀಸೆಯ ಮೇಲೆ ಸೀಸೆ ಮದ್ದು ಏರಿಸಿದರು. ಕುದುರೆಗೆ ಚೂರುಚೂರೇ ವಿಷ ಚುಚ್ಚಿದರೆ, ಆ ವಿಷವನ್ನು ಹಿಡಿದುಹಾಕುವ ಪ್ರತಿಕಾಯಗಳು ಅದರ ರಕ್ತದಲ್ಲಿ ಹುಟ್ಟುತ್ತವಂತೆ, ಮದ್ದೆಂದರೆ ಅವೇ. ಮಂಪರಿನಲ್ಲಿ ನನ್ನ ಹೊಲದ ತುಂಬ ಮಂಜು, ಅದರಲ್ಲಿ ಮೊಣಕಾಲವರೆಗೆ ಮುಳುಗಿ ನಿಂತ ಕುದುರೆಗಳು ಕಂಡವು. ಬೆಲೆ ಕೇಳಬೇಕೆಂದು ನನಗನ್ನಿಸದ ಪ್ರಾಣಿಗಳು ಅವಷ್ಟೆ.

ತಂಗಿಯ ಮಗಳು ಭಾಗ್ಯ ಆ ಪ್ರತಿಕಾಯಗಳನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವವಳು. ಅವನ್ನು ತೆಳ್ಳನೆಯ ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿಸಿ, ಸಾವಿರಾರು ಪಟ ತೆಗೆದು, ಒಂದೇ ಬಗೆಯವನ್ನು ಒಂದರ ಮೇಲೊಂದು ಕೂಡಿಸಿದರೆ ರೂಪ ತಿಳಿಯಾಗುತ್ತದೆ. ನಮ್ಮ ಸೀಮೆಯ ಕೊಳಕುಮಂಡಲದ ವಿಷವನ್ನು ಮದ್ದು ಗಟ್ಟಿಯಾಗಿ ಹಿಡಿಯುತ್ತದೆಯೇ ಎಂಬುದು ಅವಳ ಎರಡು ವರ್ಷದ ದುಡಿಮೆ. ಒಂದು ಮಧ್ಯಾಹ್ನ ಅವಳ ಪಕ್ಕ ಕೂತು ಪರದೆ ನೋಡಿದೆ.

“ಕವೆಗೋಲಿದ್ದಂಗವೆ. ಹಿಡೀನೆ ಇಲ್ವಲ್ಲವ್ವ?”

“ಮದ್ದು ಮಾಡೋವಾಗ ಹಿಡಿ ಕತ್ತರಿಸಾಕ್ತಾರೆ ಮಾವ. ವಿಷ ಹಿಡಿಯೋದು ಮೇಲಿನ ಎರಡು ಕೈ ತಾನೆ.”

ಕೆಲವು ಕೈಗಳಲ್ಲಿ ವಿಷದ ಉಂಡೆಯಿತ್ತು. ಹೆಚ್ಚಿನವು ಬರಿಗೈ. ಅವಳ ಮುಖ ಸಪ್ಪಗಿತ್ತು. ಕೇಳದಿದ್ದರೂ ಸಲಹೆ ಕೊಡುವುದು ನನ್ನ ಚಾಳಿ.

“ವಿಷ ಹಿಡಕೊಂಡಿರೋವ್ನೇ ಆರ್ಸಿ ಕೂಡ್ಸು, ಮಿಕ್ಕಿದ್ದು ಬುಡು. ಹರಾಜಿಗೆ ಹೊಗೆಸೊಪ್ಪಿನ ಮೂಟೆ, ಬೇಲು, ಕಟ್ಟೋವಾಗ ನಾವು ಮ್ಯಾಲೆ ಹಳದಿ ಸೊಪ್ಪು ಇಟ್ಟು ಕರೇದ ನಡುವ್ಕೆ ತುರ್ಕಲ್ವಾ, ಅಂಗೆ.”

“ಬೆಳಿಗ್ಗೆಯಿಂದ ನಂಗೂ ಅದೇ ಆಸೆ,” ಎಂದಳು. ಪರದೆಯತ್ತ ಬೆರಳು ತೋರಿಸಿ, “ಈ ಬೇಲು ಬಿಚ್ಚೋರು ನಿಮ್ಮಂಗೆ ಕಚ್ಚಿಸ್ಕೊಂಡೋರು ಮಾವ.”

ಕಾಲಿನ ಕಲೆ ಸುಮ್ಮನೆ ತುರಿಸಿತು. ಚೌಕಾಸಿಯಲ್ಲಿ ನಾನು ಸೋತದ್ದು ಅಂದೊಂದೇ ದಿನ.

ಅವಳು ಬರಿಗೈಯವನ್ನೂ ಲೆಕ್ಕಕ್ಕೆ ಹಿಡಿದಳು. ಹಿಡಿತ ಸಡಿಲ, ಇನ್ನೂ ಒಳ್ಳೆಯ ಮದ್ದು ಬೇಕು ಎಂದೇ ಬರೆದಳು. ಬರಿಗೈಯವೂ ಇರುವ ಈ ಪಟ ಅವಳನ್ನು ಕೇಳಿ ತಂದೆ. ಬೆಳಗಿನ ಮಂಜಿನಲ್ಲಿ ಇದನ್ನು ನೋಡಿದರೆ ಈಗಲೂ ಕುದುರೆಗಳು ಬರುತ್ತವೆ, ಸೋತವೂ ಗೆದ್ದವೂ ಒಟ್ಟಿಗೆ.

ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ. ಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆ ಸೇರಿ. ಹಿಡಿತ ಸಡಿಲವಾದರೂ ಇರುವುದು ಅದೊಂದೇ ಮದ್ದು, ಬೇಗ ಸಿಕ್ಕಷ್ಟೂ ಒಳ್ಳೆಯದು. ಇನ್ನು ಸೊಪ್ಪು ಕೊಳ್ಳುವವರು, ನನ್ನ ಬೇಲಾದರೂ ಸರಿ, ನಡುವಿಗೆ ಕೈ ಹಾಕಿ ನೋಡಿ.